ತಂಪಿನಲ್ಲಿ ಬೆಳೆಯಲಿ ನಿನ್ನ ನ್ಯೂಟ್‌ಗಳು

ಪ್ರೀತಿಯ ಮಗಳೇ,

ಜರ್ಮನಿಯ ಲೈಪ್‌ಝಿಗ್‌ನಿಂದ ನೀನು ಕಳಿಸಿದ ನ್ಯೂಟ್ ಮರಿಗಳ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಕಪ್ಪು ಮೈ, ಬೆನ್ನ ನಡುವೆ ಹಳದಿ ಗೆರೆ, ಕಿತ್ತಳೆ ಹೊಟ್ಟೆಯ ತುಂಬ ಕಪ್ಪು ಮಚ್ಚೆ. ಆ ಮಚ್ಚೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕಿಲ್ಲ. ಯಾವುದು ಯಾವುದೆಂದು ಗುರುತಿಡಲು ಅದೇ ಸಾಕು. ಇಷ್ಟು ವರ್ಷ ಉಭಯವಾಸಿಗಳ ಪಾಠ ಮಾಡಿದರೂ ಹಲ್ಲಿಯಂತೆ ಬಾಲವಿರುವ ಈ ನ್ಯೂಟ್ ನನಗೆ ಪುಸ್ತಕದ ಚಿತ್ರವೇ. ನಮ್ಮ ಘಟ್ಟದಲ್ಲಿ ಕಪ್ಪೆಗಳಿವೆ, ಕಾಲಿಲ್ಲದ ಸಿಸಿಲಿಯನ್‌ಗಳಿವೆ. ದೊಡ್ಡದಾದ ಮೇಲೂ ಬಾಲ ಉಳಿಸಿಕೊಳ್ಳುವ ಉಭಯವಾಸಿಯನ್ನು ಕಾಣಲು ಡಾರ್ಜಿಲಿಂಗ್, ಮಣಿಪುರದಂಥ ಕಡೆಗೇ ಹೋಗಬೇಕು.

ಚಳಿಯಾದೀತೆಂದು ಪೆಟ್ಟಿಗೆಯನ್ನು ಹೀಟರ್ ಪಕ್ಕ ಇಟ್ಟಿರುವುದಾಗಿ ಬರೆದಿದ್ದೀಯಲ್ಲ, ಇಂದೇ ತೆಗೆದುಬಿಡು. ನಿನ್ನ ಬಳಿಯಿರುವ ಇಟಾಲಿಯನ್ ಕ್ರೆಸ್ಟೆಡ್ ನ್ಯೂಟ್‌ಗೆ 15ರಿಂದ 18 ಡಿಗ್ರಿ ಹಿತ. ನಮಗೆ ಸ್ವೆಟರ್ ಬೇಕೆನಿಸುವ ಜಾಗವೇ ಅದಕ್ಕೆ ಮನೆ. ಬಿಸಿ ಏರಿದರೆ ಮೊದಲು ಊಟ ಬಿಡುತ್ತದೆ, ಆಮೇಲೆ ಕಾಯಿಲೆ ಬೀಳುತ್ತದೆ. ಪ್ರೀತಿ ಉಕ್ಕಿದಾಗಲೆಲ್ಲ ಕೈಗೆತ್ತಿಕೊಳ್ಳಲೂ ಬೇಡ. ಅದು ಚರ್ಮದಿಂದಲೇ ನೀರು ಹೀರುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ಎತ್ತಲೇಬೇಕಾದರೆ ಕೈ ಒದ್ದೆ ಮಾಡಿಕೋ, ಮುಗಿದ ಮೇಲೆ ಸೋಪಿನಿಂದ ತೊಳೆದುಕೋ. ಗಾಬರಿಗೊಂಡರೆ ಅದರ ಮೈಯಿಂದ ವಿಷದ್ರವ ಒಸರುತ್ತದೆ.

ಎಳೆಯವು ಈಗ ನೆಲದ ಮೇಲೆಯೇ ಇರಲಿ. ತೇವದ ಮಣ್ಣು, ಪಾಚಿ, ಅವಿತುಕೊಳ್ಳಲು ತೊಗಟೆ, ಒಂದು ತಟ್ಟೆಯಲ್ಲಿ ಸ್ವಲ್ಪ ನೀರು ಸಾಕು. ಮುಚ್ಚಳ ಬಿಗಿಯಾಗಿರಲಿ, ಒದ್ದೆ ಹೊಟ್ಟೆಯನ್ನು ಗಾಜಿಗೆ ಅಂಟಿಸಿಕೊಂಡು ನೆಟ್ಟಗೆ ಹತ್ತಿಬಿಡುತ್ತವೆ. ಎರೆಹುಳುವಿನ ವಿಡಿಯೋವನ್ನು ನಿನ್ನ ಅಪ್ಪನಿಗೂ ತೋರಿಸಿದೆ. ತಲೆ ಬಾಗಿಸಿ ದಿಟ್ಟಿಸುತ್ತ ನಿಂತದ್ದು, ತುಂಡು ಮಿಸುಕಿದ ಕ್ಷಣಕ್ಕೆ ಗಬಕ್ಕನೆ ಕಚ್ಚಿ, ಮುಂಗಾಲಿನಿಂದ ಮಣ್ಣು ಒರೆಸಿಕೊಂಡದ್ದು! ತುಂಡು ಇನ್ನೂ ಚಿಕ್ಕದಿರಲಿ.

ಜೋಡಿ ಎಂದು ಇವನ್ನು ಸಾಕಿ ನಿನಗೆ ಕೊಟ್ಟವರು ಹೇಳಿದರೂ ಈ ವಯಸ್ಸಿನಲ್ಲಿ ಗಂಡು ಹೆಣ್ಣು ಖಚಿತವಾಗಿ ತಿಳಿಯದು. ಬೆಳೆದ ಮೇಲೆ ವಸಂತದಲ್ಲಿ ನೀರಿಗಿಳಿದಾಗ ಗಂಡಿನ ಬೆನ್ನಿನ ಮೇಲೆ ಹಲ್ಲುಹಲ್ಲಾದ ಜುಟ್ಟು ಏಳುತ್ತದೆ, ಬಾಲದಲ್ಲಿ ಬೆಳ್ಳಿಯ ಪಟ್ಟಿ ಹೊಳೆಯುತ್ತದೆ. ಹೆಣ್ಣು ಒಂದೊಂದೇ ಮೊಟ್ಟೆಯಿಟ್ಟು ಹಿಂಗಾಲಿನಿಂದ ಎಲೆ ಮಡಚಿ ಮುಚ್ಚುತ್ತದೆ. ಅವುಗಳಲ್ಲಿ ಅರ್ಧದಷ್ಟು ಸಾಯುತ್ತವೆ. ನಿನ್ನ ಆರೈಕೆಯ ದೋಷವೆಂದು ಮರುಗಬೇಡ. ಈ ಕುಲದಲ್ಲಿ ಒಂದನೇ ಕ್ರೋಮೋಸೋಮಿಗೆ ಎರಡು ರೂಪಗಳಿವೆ. ಮರಿ ಬದುಕಲು ಎರಡೂ ಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ರೂಪ ಬಂದರೆ ಭ್ರೂಣ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಪೀಳಿಗೆಯಲ್ಲೂ ಅರ್ಧ ಸಂತಾನವನ್ನು ತೆತ್ತು ಈ ಕುಲ ಲಕ್ಷಾಂತರ ವರ್ಷ ಬಾಳಿ ಬಂದಿದೆ ಎಂಬುದು ನನಗೆ ಇಂದಿಗೂ ಬೆರಗು.

ಸಾಕಿದವರು ಕೊಟ್ಟ ಮೂಲದ ದಾಖಲೆಯನ್ನು ಜೋಪಾನ ಮಾಡು; ಅಲ್ಲಿ ಇವು ಸಂರಕ್ಷಿತ ಜೀವಿಗಳು. ಬೇಸರ ಬಂತೆಂದು ಕೊಳಕ್ಕೆ ಬಿಡುವ ಮಾತಂತೂ ಬೇಡವೇ ಬೇಡ. ಸ್ಥಳೀಯ ಕ್ರೆಸ್ಟೆಡ್ ನ್ಯೂಟ್‌ಗಳ ಜೊತೆ ಬೆರೆತು ಮಿಶ್ರತಳಿ ಹುಟ್ಟುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನ್ಯೂಟ್‌ಗಳ ನೆಂಟರಾದ ಫೈರ್ ಸಾಲಮಾಂಡರ್‌ಗಳನ್ನು ಬಹುಪಾಲು ಅಳಿಸಿಹಾಕಿದ ಶಿಲೀಂಧ್ರ ರೋಗದಂಥ ಸೋಂಕು ಪೆಟ್ಟಿಗೆಯ ನೀರಿನ ಜೊತೆಗೂ ಹೋದೀತು.

ಚೆನ್ನಾಗಿ ನೋಡಿಕೊಂಡರೆ ಇವು 20 ವರ್ಷವೂ ಬದುಕಬಲ್ಲವು. ನಿನ್ನ ಓದು, ಕೆಲಸ, ಮದುವೆ, ಮನೆ ಬದಲಾವಣೆ ಎಲ್ಲದರಲ್ಲೂ ಜೊತೆಗಿರುತ್ತವೆ. ಜುಲೈನಲ್ಲಿ ಊರಿಗೆ ಬರುವ ಟಿಕೆಟ್ ಕಾದಿರಿಸುವ ಮುನ್ನ, ಆ ಸೆಕೆಯಲ್ಲಿ ಅವನ್ನು ಯಾರ ಮನೆಯ ನೆಲಮಾಳಿಗೆಯಲ್ಲಿ ಇಡುತ್ತೀಯೆಂದು ಬರೆ.

ಆಶೀರ್ವಾದಗಳೊಂದಿಗೆ,
ಅಮ್ಮ