ತಾತನ ಎಸ್ಟೀಮ್ ಬಿಚ್ಚೋಕೆ ಮುಂಚೆ

ಪುಟ್ಟಿ,

ಆಶೀರ್ವಾದಗಳು. ತಾತನ ಮಾರುತಿ ಎಸ್ಟೀಮನ್ನ ರೇಸ್ ಟ್ರ್ಯಾಕಿಗೆ ತಯಾರು ಮಾಡೋಕೆ ಅಂತ ನೀನು ಕಳಿಸಿದ ಲಿಸ್ಟ್ ಪೂರ್ತಿ ಓದ್ದೆ. ಮೊದಲನೇ ಸಾಲಲ್ಲೇ ಎಕ್ಸಾಸ್ಟು, ಆಮೇಲೆ ಇಂಟೇಕು, ಕ್ಯಾಮ್‌ಶಾಫ್ಟು, ಇಸಿಯು (ಇಂಜಿನ್ ಕಂಪ್ಯೂಟರು) ರೀಮ್ಯಾಪು, ಅಲಾಯ್ ವೀಲು, ಬಾನೆಟ್‌ಗೆ ಕಪ್ಪು ಪೇಂಟು, ಇಷ್ಟೆಲ್ಲಾ ಆದ್ಮೇಲೆ ಕಟ್ಟಕಡೇಲಿ "ಬ್ರೇಕ್ ಪ್ಯಾಡ್, ದುಡ್ಡು ಉಳಿದ್ರೆ" ಅಂತ. ಓದಿ ನಗು ಬಂತು, ಸ್ವಲ್ಪ ಭಯಾನೂ ಆಯ್ತು. ವಾಟ್ಸಾಪಲ್ಲಿ ಹೇಳಿದ್ರೆ ಒಂದು ಹೆಬ್ಬೆಟ್ಟು ತೋರ್ಸಿ ಸುಮ್ನಾಗ್ಬಿಡ್ತೀಯ, ಅದಕ್ಕೇ ಉದ್ದಕ್ಕೆ ಬರೀತಿದೀನಿ, ಆಫೀಸ್ ಕೆಲಸದ ಮಧ್ಯೆ ಓದ್ಬೇಡ.

ನಾನು ಬೇಡ ಅಂತ ಹೇಳೋಕೆ ಬರೀತಿಲ್ಲ. ನಿಮ್ಮಮ್ಮ ಫೋನ್ ಮಾಡಿ "ಅಣ್ಣಾ, ನೀನಾದ್ರೂ ಅವಳಿಗೆ ಬುದ್ಧಿ ಹೇಳು" ಅಂದ್ಲು, ನಾನು ಹೂಂ ಅಂದೆ, ಆದ್ರೆ ಯಾವ ಬುದ್ಧಿ ಅಂತ ಅವಳೂ ಕೇಳ್ಲಿಲ್ಲ ನಾನೂ ಹೇಳ್ಲಿಲ್ಲ. ಚೆನ್ನೈ ಹತ್ರದ ಶೋಲಾವರಂ ಏರ್‌ಸ್ಟ್ರಿಪ್ಪಲ್ಲಿ ರೇಸ್ ನಡೀತಿದ್ದ ಕಾಲದಲ್ಲಿ ಬಿಸಿಲಲ್ಲಿ ನಿಂತು ನೋಡಿ ಬಂದೋನು ನಾನು, ನಿನಗೆ ಹುಚ್ಚು ಯಾಕೆ ಅಂತ ಕೇಳೋ ಯೋಗ್ಯತೆ ನನಗಿಲ್ಲ.

ಕಾರು ಆರಿಸಿರೋದರಲ್ಲಿ ತಪ್ಪೇನಿಲ್ಲ. ಎಸ್ಟೀಮ್ ನಮ್ಮ ದೇಶದ ರೇಸಿಂಗಲ್ಲಿ ವರ್ಷಗಟ್ಟಲೆ ದುಡಿದ ಗಾಡಿ. 1298 ಸಿಸಿ, ತಾತನದ್ದು ಎಂಪಿಎಫ್‌ಐ 16 ವಾಲ್ವ್, 85 ಬಿಎಚ್‌ಪಿ, ತೂಕ ಒಂಬೈನೂರು ಕೆಜಿ ಒಳಗೇ. ಈಗಿನ ಕಾರುಗಳಲ್ಲಿ ಇಷ್ಟು ಹಗುರ ಎಲ್ಲಿ ಸಿಗತ್ತೆ ಹೇಳು. 2007ರಲ್ಲಿ ತಯಾರಿಕೆ ನಿಂತೋಯ್ತು ನಿಜ, ಆದ್ರೂ ಜೆಸಿ ರೋಡಲ್ಲಿ ಕೇಳಿದ್ರೆ ಬುಷ್ಷು, ಬಾಲ್ ಜಾಯಿಂಟು, ವೀಲ್ ಬೇರಿಂಗು ಸಿಗತ್ತೆ, ಸಿಗದೇ ಇರೋದು ಗುಜರೀಲಿ ಸಿಗತ್ತೆ.

ಈಗ ವಿಷಯಕ್ಕೆ ಬರ್ತೀನಿ. "ವಾರದ ದಿನ ಆಫೀಸಿಗೂ ಓಡ್ಸ್ತೀನಿ, ವೀಕೆಂಡಲ್ಲಿ ಟ್ರ್ಯಾಕಿಗೂ ತಗೊಂಡ್ಹೋಗ್ತೀನಿ" ಅಂತ ಬರ್ದಿದೀಯಲ್ಲ, ಅದಾಗಲ್ಲ. ಒಂದೋ ರೋಡು, ಇಲ್ಲಾ ಟ್ರ್ಯಾಕು. ಸೀಟು ಕಿತ್ತು ಕೇಜ್ ಹಾಕಿದ ಕಾರನ್ನ ರೋಡಲ್ಲಿ ಓಡಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು, ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕಾನೂನು ಪಕ್ಕಕ್ಕಿಡು. ಕೇಜ್ ಅಂದ್ರೆ ಕಾರು ಪಲ್ಟಿ ಹೊಡೆದ್ರೆ ರೂಫು ಕುಸಿಯದ ಹಾಗೆ ಒಳಗೆ ಕಟ್ಟೋ ಚೌಕಟ್ಟು, ನಿನ್ನ ತಲೆಯಿಂದ ಗೇಣು ದೂರದಲ್ಲಿರೋ ಉಕ್ಕಿನ ಪೈಪು. ಟ್ರ್ಯಾಕಲ್ಲಿ ಹೆಲ್ಮೆಟ್ ಇರತ್ತೆ, ಬೆಲ್ಟು ನಿನ್ನನ್ನ ಸೀಟಿಗೆ ಕಚ್ಚಿ ಹಿಡ್ದಿರತ್ತೆ, ಹಾಗಾಗಿ ಅದು ಕಾಪಾಡತ್ತೆ. ಹೆಲ್ಮೆಟ್ ಇಲ್ಲದೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಯಾರೋ ಹಿಂದಿಂದ ಗುದ್ದಿದ್ರೆ ಅದೇ ಪೈಪು ತಲೆ ಒಡೆಯತ್ತೆ. ಅದಕ್ಕೇ ಹೇಳ್ತಿರೋದು, ಟ್ರ್ಯಾಕ್ ಕಾರ್ ಅಂತ ತೀರ್ಮಾನ ಮಾಡಿದ್ಮೇಲೆ ಆರ್‌ಟಿಓಗೆ ಹೋಗಿ ಆರ್‌ಸಿ ಕ್ಯಾನ್ಸಲ್ ಮಾಡ್ಸು, ಟ್ರ್ಯಾಕಿಗೆ ಫ್ಲಾಟ್‌ಬೆಡ್ ಮೇಲೆ ಕಳ್ಸು. ಹೇಗಿದ್ರೂ ಆರ್‌ಸಿ ಮತ್ತೆ ರಿನೀವಲ್‌ಗೆ ಬಂದಿದೆ, ಅದರ ಫೀಸು 2022ರಲ್ಲಿ 600ರಿಂದ 5000ಕ್ಕೆ ಏರಿದಾಗಿಂದ ತಾತನೇ ಗೊಣಗ್ತಿದ್ರು. ಇನ್ಶೂರೆನ್ಸ್ ಪಾಲಿಸೀನೂ ತೆಗ್ದು ಓದು, ರೇಸಿಂಗು, ಸ್ಪೀಡ್ ಟೆಸ್ಟಿಂಗು ಅದರಲ್ಲಿ ಕವರ್ ಆಗಲ್ಲ. ಮತ್ತೆ ನೈಸ್ ರೋಡಲ್ಲಿ ರಾತ್ರಿ "ಟೆಸ್ಟ್" ಮಾಡೋ ಗುಂಪಿನ ಜೊತೆ ನೀನು ಕಾಣಿಸ್ಕೊಂಡೆ ಅಂತ ಗೊತ್ತಾದ್ರೆ ಆಮೇಲೆ ನಾನು ಮಾವ ಅಲ್ಲ, ನಿಮ್ಮಮ್ಮನ ಕಡೆ ಸಾಕ್ಷಿ.

ಒಂದು ಸ್ಕ್ರೂ ಬಿಚ್ಚೋಕೆ ಮುಂಚೆ, ಕಾರು ಹೇಗಿದೆಯೋ ಹಾಗೇ, ಸರ್ವಿಸ್ ಮಾಡ್ಸಿ ಒಂದು ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನ ರೇಸ್ ಟ್ರ್ಯಾಕಲ್ಲಿ ಓಡ್ಸೋಕೆ ಬಿಡೋ ದಿನ) ಹೋಗ್ಬಾ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಮೀ ಅಷ್ಟೇ, ಕಲಿಯೋಕೆ ಅದೇ ವಾಸಿ. (ಆ ಹೆಸರು ಕರಿವರ್ಧನ್ ಅವ್ರದ್ದು, ಮಾರುತಿ 800 ಇಂಜಿನ್ ಇಟ್ಕೊಂಡು ಫಾರ್ಮುಲಾ ಮಾರುತಿ ಕಾರು ಕಟ್ಟಿದ ಪುಣ್ಯಾತ್ಮ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. 796 ಸಿಸಿಯಲ್ಲಿ ಅಷ್ಟು ಮಾಡಿದ್ರು ಅಂತ ನಿನ್ನ ಕ್ಯಾಮ್‌ಶಾಫ್ಟ್ ಆಸೆ ಬಂದಾಗೆಲ್ಲಾ ನೆನಪಿಸ್ಕೋ.) ಚೆನ್ನೈ ಹತ್ರದ ಇರುಂಗಾಟ್ಟುಕೋಟೈ 3.7 ಕಿಮೀ, ಅಲ್ಲಿ ಸ್ಪೀಡ್ ಜಾಸ್ತಿ, ಅದು ಆಮೇಲೆ. ಹೋಗಿ ಬಂದ್ರೆ ಕಾರೇ ನಿನಗೆ ಲಿಸ್ಟ್ ಬರ್ಕೊಡತ್ತೆ, ಈಗಿನ ಲಿಸ್ಟಿಗೂ ಅದಕ್ಕೂ ಸಂಬಂಧಾನೇ ಇರಲ್ಲ ನೋಡ್ತಿರು.

ಕಾರ್ಪೆಟ್ ಎತ್ತಿದ್ಮೇಲೆ ಮೊದಲ ಕೆಲಸ ತುಕ್ಕು. ಒಂದು ಹಳೇ ಫ್ಲ್ಯಾಟ್ ಸ್ಕ್ರೂಡ್ರೈವರ್ ತಗೊಂಡು ಡ್ರೈವರ್ ಸೀಟಿನ ಕೆಳಗಿನ ಫ್ಲೋರು, ಎರಡೂ ಕಡೆ ರನ್ನಿಂಗ್ ಬೋರ್ಡು, ಜ್ಯಾಕ್ ಪಾಯಿಂಟು, ಸಸ್ಪೆನ್ಷನ್ನಿನ ಸ್ಟ್ರಟ್ ಕೂರೋ ಜಾಗ, ಇಲ್ಲೆಲ್ಲಾ ಒತ್ತಿ ಒತ್ತಿ ನೋಡ್ತಾ ಬಾ. ಒಳ್ಳೇ ತಗಡು ಟಣ್ ಅನ್ನತ್ತೆ, ತಿಂದೋಗಿರೋದು ಪುಸ್ ಅಂತ ಒಳಗೆ ಹೋಗತ್ತೆ. ಪೇಂಟ್ ಮೇಲೆ ಸಣ್ಣ ಗುಳ್ಳೆ ಕಂಡ್ರೆ ಅದರ ಹಿಂದೆ ಅದರ ನಾಲ್ಕರಷ್ಟು ಹೋಗಿದೆ ಅಂತಾನೇ ಇಟ್ಕೋ. ಕೇಜಿನ ಕಾಲು ನಿಲ್ಲೋದು ಇದೇ ತಗಡಿನ ಮೇಲೆ. ಪೈಪು ಎಷ್ಟೇ ಗಟ್ಟಿ ಇರ್ಲಿ, ಕೆಳಗಿನದು ಪೊಳ್ಳಾಗಿದ್ರೆ ಕಾರು ಪಲ್ಟಿ ಹೊಡ್ದಾಗ ಪೈಪು ಫ್ಲೋರನ್ನೇ ತೂತು ಹೊಡ್ಕೊಂಡು ಕೆಳಗಿಳಿಯತ್ತೆ, ರೂಫು ನಿನ್ನ ಮೇಲೆ. ಬಾಡಿ ಪುಟ್ಟಿ ಮೆತ್ತಿ ಪೇಂಟ್ ಹೊಡೆಯೋ ಟಿಂಕರ್ ಕೈಗೆ ಕೊಡ್ಬೇಡ, ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡೋನ್ನ ಹುಡ್ಕು. ತುಕ್ಕು ತುಂಬಾ ಇದ್ರೆ ಭಾವನೆ ಗೀವನೆ ಬಿಟ್ಟು ಬೇರೆ ಎಸ್ಟೀಮ್ ತಗೋ, ತಾತನ ಇಂಜಿನ್ ಅದಕ್ಕೆ ಕೂರಿಸೋಣ.

ಕೇಜ್ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ನಿಮ್ಮ ಏರಿಯಾದಲ್ಲಿ ಗೇಟು ಗ್ರಿಲ್ಲು ಮಾಡೋನು ಮೂವತ್ತು ಸಾವಿರಕ್ಕೆ ಮಾಡ್ಕೊಡ್ತೀನಿ ಅಂದಿದಾನಂತೆ. ಅವನು ಹಾಕೋದು ಜಿಐ ಪೈಪು, ಬಗ್ಗಿಸೋದು ಒಳಗೆ ಮರಳು ತುಂಬಿ ಗ್ಯಾಸಲ್ಲಿ ಕಾಯ್ಸಿ. ಅದು ಮನೆ ಗೇಟಿಗೆ ಸರಿ. ಎಫ್‌ಐಎ (ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆ) ರೂಲಲ್ಲಿ ಇರೋದು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಟ್ಯೂಬು, ಮೇನ್ ಹೂಪಿಗೆ (ಡ್ರೈವರ್ ಹಿಂದೆ ನಿಲ್ಲೋ ದೊಡ್ಡ ಕಮಾನು) 45 ಮಿಮೀ ವ್ಯಾಸ 2.5 ಮಿಮೀ ದಪ್ಪ, ಮಿಕ್ಕಿದ್ದಕ್ಕೆ 38 ಮಿಮೀ 2.5. ಬಗ್ಗಿಸೋದು ತಣ್ಣಗಿರುವಾಗಲೇ, ಬೆಂಡಿನ ರೇಡಿಯಸ್ಸು ವ್ಯಾಸದ ಮೂರರಷ್ಟಾದ್ರೂ ಇರಬೇಕು, ಒಳಮಗ್ಗುಲಲ್ಲಿ ಸುಕ್ಕು ಬಂದ್ರೆ ಆ ಪೈಪು ಪಕ್ಕಕ್ಕೆ. ಕಾಲಿನ ಕೆಳಗೆ 3 ಮಿಮೀ ಪ್ಲೇಟು, 120 ಚದರ ಸೆಂಮೀ ಕಮ್ಮಿ ಇಲ್ಲದ ಹಾಗೆ. ವೆಲ್ಡ್ ಆದ್ಮೇಲೆ ಚೆಂದ ಕಾಣ್ಲಿ ಅಂತ ಗ್ರೈಂಡರ್ ಹಾಕಿ ನೈಸ್ ಮಾಡೋದು ಖಂಡಿತಾ ಬೇಡ, ಉಜ್ಜಿದಷ್ಟೂ ಬೆಸುಗೆ ಸಣ್ಣ ಆಗತ್ತೆ. ಪೀಣ್ಯದಲ್ಲಿ ರೇಸ್ ಗಾಡಿಗೆ ಕೇಜ್ ಮಾಡಿ ಅಭ್ಯಾಸ ಇರೋ ನನ್ನ ಪರಿಚಯದವ್ರು ಒಬ್ರಿದಾರೆ, ದುಡ್ಡು ಜಾಸ್ತಿ ಕೇಳ್ತಾರೆ, ಕೊಡು.

ಅದರ ಜೊತೆಗೇ ಫಿಕ್ಸೆಡ್ ಬಕೆಟ್ ಸೀಟು, ಆರು ಪಾಯಿಂಟ್ ಹಾರ್ನೆಸ್ಸು (ಆರು ಕಡೆ ಬಿಗಿಯೋ ರೇಸಿಂಗ್ ಬೆಲ್ಟು). ಕಂಪನಿ ಸೀಟಿಗೆ ಹಾರ್ನೆಸ್ ಕಟ್ಟಿದ್ರೆ ಗುದ್ದಿದಾಗ ಸೊಂಟದ ಬೆಲ್ಟಿನ ಕೆಳಗಿಂದ ಮುಂದಕ್ಕೆ ಜಾರ್ತೀಯ, ಪೆಟ್ಟು ಹೊಟ್ಟೆಗೆ. ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ ಸ್ವಲ್ಪವೇ ಇಳಿಜಾರಿರಬೇಕು, ನೆಟ್ಟಗೆ ಫ್ಲೋರಿಗೆ ಎಳೆದು ಬೋಲ್ಟ್ ಹೊಡೆದ್ರೆ ಬೆನ್ನುಮೂಳೆ ಮೇಲೆ ಒತ್ತಡ ಬೀಳತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಲೇಬಲ್ಲಲ್ಲಿ ವರ್ಷ ನೋಡು, ಬೆಲ್ಟಿಗೂ ಎಕ್ಸ್‌ಪೈರಿ ಇರತ್ತೆ. ಹೆಲ್ಮೆಟ್ಟು ನಿನ್ನ ಬೈಕಿಂದು ಬೇಡ, ಕಾರ್ ರೇಸಿಂಗಿನ ಸ್ನೆಲ್ ಎಸ್‌ಎ ಮಾರ್ಕ್ ಇರೋದು ತಗೋ, ಅದರ ಲೈನಿಂಗಿಗೆ ಬೆಂಕಿ ಪರೀಕ್ಷೆ ಆಗಿರತ್ತೆ.

ಆಮೇಲೆ ನಿನ್ನ ಕೊನೇ ಸಾಲಿನ ಬ್ರೇಕು. ಇಂಜಿನಿಯರ್ ಅಲ್ವಾ ನೀನು, ಲೆಕ್ಕ ಹಾಕು. ನೀನೂ ಸೇರಿ 950 ಕೆಜಿ, ಸ್ಟ್ರೈಟ್ ಮುಗಿಯೋ ಹೊತ್ತಿಗೆ ಸ್ಪೀಡು ಗಂಟೆಗೆ 140 ಕಿಮೀ, ತಿರುವಿಗೆ 60ಕ್ಕೆ ಇಳಿಸ್ಬೇಕು. ಹತ್ತಿರ ಹತ್ತಿರ ಆರು ಲಕ್ಷ ಜೂಲ್ ಬರತ್ತೆ, ಅಂದ್ರೆ ಸುಮಾರು ಎರಡು ಲೀಟರ್ ತಣ್ಣೀರನ್ನ ಕುದಿಯೋ ಹಂತಕ್ಕೆ ತರೋ ಶಾಖ, ನಾಲ್ಕೈದು ಸೆಕೆಂಡಲ್ಲಿ, ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕಿಗೆ. ಮುಂದಿನ ಲ್ಯಾಪಲ್ಲಿ ಮತ್ತೆ ಅಷ್ಟೇ. ಹೊಸ ಡಾಟ್ 3 ಬ್ರೇಕ್ ಫ್ಲೂಯಿಡ್ 205 ಡಿಗ್ರಿ ತನಕ ಕುದಿಯಲ್ಲ ಅಂತ ರೂಲು, ಆದ್ರೆ ಅದು ಗಾಳೀಲಿರೋ ತೇವ ಹೀರ್ಕೊಂಡು ಹಳೇದಾದ್ಮೇಲೆ 140ಕ್ಕೆ ಇಳಿದುಬಿಡತ್ತೆ. ಕುದಿದ್ರೆ ಗುಳ್ಳೆ, ಗುಳ್ಳೆ ಆದ್ರೆ ಪೆಡಲ್ ನೆಲ ಮುಟ್ಟತ್ತೆ, ಕಾರು ನಿಲ್ಲಲ್ಲ. ತಾತನ ಕಾರಲ್ಲಿರೋ ಫ್ಲೂಯಿಡ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರತ್ತೆ, ಪೂರ್ತಿ ತೆಗೆದು ಡಾಟ್ 4 ಹಾಕ್ಸು, ಹಳೇ ರಬ್ಬರ್ ಹೋಸುಗಳನ್ನ ಬದಲಾಯ್ಸು, ಒಳ್ಳೇ ಪ್ಯಾಡು ಹೊಸ ಡಿಸ್ಕು ಹಾಕ್ಸು. ಹಿಂದಿನ ಡ್ರಮ್ಮು ಹಾಗೇ ಇರ್ಲಿ, ಪರವಾಗಿಲ್ಲ. ಟ್ರ್ಯಾಕಿಂದ ಬಂದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೀಬೇಡ, ಒಂದು ಲ್ಯಾಪು ನಿಧಾನ ಓಡ್ಸಿ ತಣ್ಣಗೆ ಮಾಡ್ಕೊಂಡು ಬಂದು ಗೇರಲ್ಲಿ ನಿಲ್ಸಿ ಚಕ್ರಕ್ಕೆ ಕಲ್ಲಿಡು.

ರೇಡಿಯೇಟರು, ಥರ್ಮೋಸ್ಟಾಟು, ಹೋಸು ಹೊಸದಾಗಲಿ. ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮುಟ್ಟಿರಲೇಬೇಕು, ಉದ್ದ ತಿರುವಲ್ಲಿ ಆಯಿಲ್ಲು ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಒಂದು ಮೂಲೆಗೆ ಹೋಗಿ ಪಂಪು ಗಾಳಿ ಎಳೆಯತ್ತೆ, ಆಮೇಲೆ ಬೇರಿಂಗ್ ಕಥೆ ಮುಗೀತು. ಆಯಿಲ್ಲು ಹಾಗೆ ಓಡದಂತೆ ತಡೆಯೋಕೆ ಸಂಪಿಗೆ ಬ್ಯಾಫಲ್ ಪ್ಲೇಟು ನಾನೇ ನಮ್ಮ ಶಾಪಲ್ಲಿ ಮಾಡ್ಕೊಡ್ತೀನಿ. ಬುಷ್ಷು, ಸ್ಟ್ರಟ್ಟು ನಾಲ್ಕೂ ಕಡೆ ಹೊಸದು, ಒಳ್ಳೇ ಟೈರು.

ತೂಕ ಇಳಿಸೋದು ಒಂದೇ ಬಿಟ್ಟಿ ಕೆಲಸ, ಮಜಾನೂ ಅದರಲ್ಲೇ ಇದೆ. ಹಿಂದಿನ ಸೀಟು, ಕಾರ್ಪೆಟ್ಟು, ಎಸಿ, ಸ್ಟೀರಿಯೋ ಎಲ್ಲಾ ತೆಗಿ. ಫ್ಲೋರಿಗೆ ಅಂಟಿರೋ ಟಾರ್ ಶೀಟ್ ಕೆರೆಯೋಕೆ ಹೋದ್ರೆ ಕೈ ಬಿದ್ದೋಗತ್ತೆ, ಅದರ ಮೇಲೆ ಡ್ರೈ ಐಸ್ ಹರಡಿ ಹತ್ತು ನಿಮಿಷ ಬಿಟ್ಟು ಸುತ್ತಿಗೇಲಿ ಮೆಲ್ಲಗೆ ತಟ್ಟು, ಅಪ್ಪಳದ ಥರ ಪುಡಿಪುಡಿಯಾಗಿ ಎದ್ದು ಬರತ್ತೆ. ದಪ್ಪ ಗ್ಲೌಸ್ ಹಾಕ್ಕೋ, ಡೋರೆಲ್ಲಾ ತೆಗೆದಿಡು, ಡ್ರೈ ಐಸಿಂದ ಏಳೋ ಕಾರ್ಬನ್ ಡೈಆಕ್ಸೈಡ್ ಗ್ಯಾಸು ಉಸಿರು ಕಟ್ಸತ್ತೆ, ಬೇಸ್‌ಮೆಂಟಲ್ಲಂತೂ ಬೇಡ.

ಇಂಜಿನ್ ಮುಟ್ಟಬೇಡ. ಕಂಪ್ರೆಷನ್ ಟೆಸ್ಟ್ ಮಾಡ್ಸು, ನಾಲ್ಕೂ ಸಿಲಿಂಡರ್ ಸಮ ಇದ್ರೆ ಟೈಮಿಂಗ್ ಬೆಲ್ಟು, ಪ್ಲಗ್ಗು, ಫಿಲ್ಟರ್ ಬದಲಾಯಿಸಿ ಬಾನೆಟ್ ಮುಚ್ಚು. 85 ಬಿಎಚ್‌ಪೀನ ಪೂರ್ತಿ ಬಳಸೋಕೆ ನಿನಗೆ ಒಂದು ವರ್ಷ ಬೇಕು, ನನ್ನ ಮಾತು ಅಂತ ಬೇಡ, ಲ್ಯಾಪ್ ಟೈಮ್ ಬರ್ದಿಟ್ಕೋ, ನಿನ್ನದೇ ಕಾರಲ್ಲಿ ಅಲ್ಲಿನ ಇನ್‌ಸ್ಟ್ರಕ್ಟರ್ ಎಷ್ಟು ಮಾಡ್ತಾರೆ ನೋಡು. ಆ ಗ್ಯಾಪ್ ಮುಚ್ಚಿದ ದಿನ ಕ್ಯಾಮ್‌ಶಾಫ್ಟ್ ಬಗ್ಗೆ ಮಾತಾಡೋಣ.

ದುಡ್ಡಿನ ವಿಷಯ. ಸೀಟು, ಬೆಲ್ಟು, ಹೆಲ್ಮೆಟ್ಟು ನನ್ನ ಕಡೆಯಿಂದ, ನಿನ್ನ ಹುಟ್ಟಿದಬ್ಬಕ್ಕೆ ಅಂದ್ಕೋ. ಎಕ್ಸಾಸ್ಟಿಗೆ ಒಂದು ಪೈಸೆ ಬಿಚ್ಚಲ್ಲ. ಕೇಜಿನ ದುಡ್ಡು ನೀನೇ ಕೂಡಿಹಾಕು, ಕೂಡೋ ತನಕ ಸುಮ್ನೆ ಕಂಪನಿ ಸೀಟು ಕಂಪನಿ ಬೆಲ್ಟಲ್ಲೇ ಟ್ರ್ಯಾಕ್ ಡೇಗಳಿಗೆ ಹೋಗ್ತಿರು, ಕಾರು ಅಲ್ಲಿ ತನಕ ರೋಡ್ ಕಾರಾಗೇ ಇರತ್ತೆ, ಅರ್ಧ ಬಿಚ್ಚಿ ಪಾರ್ಕಿಂಗಲ್ಲಿ ಧೂಳು ಹಿಡಿಯೋದಂತೂ ತಪ್ಪತ್ತೆ. ಅಮ್ಮನಿಗೆ ನೀನೇ ಹೇಳು, ನನ್ನ ಹೆಸರು ಬಳಸ್ಕೋಬಹುದು. ಭಾನುವಾರ ತುಮಕೂರಿಗೆ ಕಾರಲ್ಲೇ ಬಾ, ಶಾಪಲ್ಲಿ ಕಾರು ಎತ್ತೋ ಲಿಫ್ಟ್ ಖಾಲಿ ಇರತ್ತೆ, ಬರುವಾಗ ತಾತನ ಹಳೇ ಸರ್ವಿಸ್ ಬುಕ್ಕು ಡ್ಯಾಶ್‌ಬೋರ್ಡಲ್ಲಿದ್ರೆ ತಗೊಂಡ್ಬಾ, ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ರು ಅಂತ ನೋಡ್ಬೇಕು.

ಇತಿ ನಿನ್ನ ಪ್ರೀತಿಯ
ಮಾವ