ಮಾದಕ ಚಟ ಬಿಡಿಸಲು ಬಹುಮಾನ: ತಾಲ್ಲೂಕಿಗೂ ಬರಲಿ

ಮಾನ್ಯ ಸಂಪಾದಕರೇ,

ಕುಡಿತ ಬಿಡಿಸಲು ಡೈಸಲ್ಫಿರಾಂ, ನಾಲ್ಟ್ರೆಕ್ಸೋನ್ ಎಂಬ ಔಷಧಗಳಿವೆ. ಹೆರಾಯಿನ್‌ಗೆ ಬುಪ್ರೆನಾರ್ಫಿನ್ ಇದೆ. ಮೆಥ್ (ಮೆಥಾಂಫೆಟಮಿನ್), ಕೊಕೇನ್‌ನಂಥ ಉತ್ತೇಜಕಗಳಿಗೆ ಅಂಥ ಅನುಮೋದಿತ ಔಷಧವೇ ಇಲ್ಲ. ಇವುಗಳ ಚಟಕ್ಕೆ ಈವರೆಗೆ ಹೆಚ್ಚು ಫಲ ಕಂಡಿರುವುದು, ಮೂತ್ರ ಪರೀಕ್ಷೆ ನೆಗೆಟಿವ್ ಬಂದಾಗಲೆಲ್ಲ ಬಹುಮಾನ ಕೊಡುವ ಚಿಕಿತ್ಸೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2011ರಿಂದ ಇದು ನಡೆಯುತ್ತಿದೆ. ಶಿವಮೊಗ್ಗ ಜಿಲ್ಲೆಯಲ್ಲೂ ಶುರುವಾಗಬೇಕು.

‘ಚಟ ಬಿಡಲು ದುಡ್ಡು ಬೇರೆ ಕೊಡಬೇಕೇ?’ ಎಂದು ಕೇಳುವವರಿದ್ದಾರೆ. ಮಾದಕ ಪುಡಿ ಕೊಡುವ ಸುಖ ನಿಮಿಷಗಳಲ್ಲಿ ಬರುತ್ತದೆ, ಬಿಟ್ಟದ್ದರ ಲಾಭ ಕಾಣಲು ತಿಂಗಳುಗಳೇ ಬೇಕು. ಆ ನಡುವಿನ ದಿನಗಳನ್ನು ದಾಟಿಸುವುದೇ ಬಹುಮಾನದ ಕೆಲಸ. ಆದ್ದರಿಂದ ಫಲಿತಾಂಶ ಬಂದ ಕೂಡಲೇ ಕೂಪನ್ ಕೈಗೆ ಸಿಗಬೇಕು. ‘ಬಿಲ್ ಪಾಸಾಗಲಿ, ಮುಂದಿನ ವಾರ ಬನ್ನಿ’ ಎಂದರೆ ಚಿಕಿತ್ಸೆ ಅಲ್ಲಿಗೇ ಕೆಟ್ಟಿತು.

ಮೆಥ್, ಕೊಕೇನ್ ಸೇವನೆಯ ಗುರುತು ಮೂತ್ರದಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಉಳಿಯುತ್ತದೆ. ಹಾಗಾಗಿ ವಾರಕ್ಕೆರಡು ಪರೀಕ್ಷೆ, ಮಂಗಳವಾರ ಮತ್ತು ಶುಕ್ರವಾರ ಎನ್ನೋಣ, 12 ವಾರ. ಮೊದಲ ನೆಗೆಟಿವ್‌ಗೆ 100 ರೂ.ನ ದಿನಸಿ ಕೂಪನ್, ಮುಂದೆ ಪ್ರತಿ ಸಲ 20 ರೂ. ಹೆಚ್ಚಳ. ಇಪ್ಪತ್ನಾಲ್ಕೂ ನೆಗೆಟಿವ್ ಬಂದರೆ ಒಬ್ಬರಿಗೆ ಒಟ್ಟು 7,920 ರೂ. ಪಾಸಿಟಿವ್ ಬಂದರೆ ಅಥವಾ ತಪ್ಪಿಸಿಕೊಂಡರೆ ಅಂದು ಕೂಪನ್ ಇಲ್ಲ, ಮತ್ತೆ 100ರಿಂದಲೇ ಶುರು. ಆದರೆ ಬೈಗುಳವೂ ಇರಕೂಡದು. ಬೈಸಿಕೊಂಡವರು ಮುಂದಿನ ಸಲ ಬಾಗಿಲಿಗೂ ಬರುವುದಿಲ್ಲ. ಹಾಗೆ ಮತ್ತೆ ಶುರು ಮಾಡಿದವರಿಗೆ ಸತತ ಐದು ನೆಗೆಟಿವ್ ಬಂದರೆ ಹಿಂದೆ ತಲುಪಿದ್ದ ಮೊತ್ತಕ್ಕೇ ಮರಳಿಸಬೇಕು. ಹಣ ಉಳಿಸಲೆಂದು ಮೊತ್ತವನ್ನು ಹತ್ತು, ಇಪ್ಪತ್ತಕ್ಕೆ ಇಳಿಸಿದರೆ ಪ್ರಯೋಜನವಿಲ್ಲ. ಅರ್ಧ ದಿನದ ತೋಟದ ಕೂಲಿ ಬಿಟ್ಟು ಬರುವವರಿಗೆ ಅದು ಬಸ್ ಚಾರ್ಜಿಗೂ ಸಾಲದು.

ಪರೀಕ್ಷೆಯಲ್ಲೂ ಎಚ್ಚರ ಬೇಕು. ಉಷ್ಣತೆ ತೋರಿಸುವ ಪಟ್ಟಿಯಿರುವ ಕಪ್ ಬಳಸಬೇಕು. ಆಗಷ್ಟೇ ಕೊಟ್ಟ ಮೂತ್ರ ನಾಲ್ಕು ನಿಮಿಷದೊಳಗೆ ಸುಮಾರು 32ರಿಂದ 38 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ನೀರು ಬೆರೆಸಿದ್ದೋ, ಬೇರೆಯವರದ್ದೋ ಎಂದು ಶಂಕಿಸಬೇಕು. ಎಂಡಿಎಂಎ (ಇನ್ನೊಂದು ಉತ್ತೇಜಕ ಮಾದಕ) ಎಂದು ಮಾರುವ ಪುಡಿಯಲ್ಲಿ ಏನಿದೆಯೋ ಕೊಂಡವನಿಗೂ ಖಾತ್ರಿಯಿರದು. ಅದಕ್ಕೆ ಪ್ರತ್ಯೇಕ ಪರೀಕ್ಷಾ ಪಟ್ಟಿ ಇರಲಿ. ಸೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ ನುಂಗಿದ್ದರೂ ಮೆಥ್ ಪಟ್ಟಿ ಪಾಸಿಟಿವ್ ತೋರಿಸಬಹುದು. ನಮ್ಮ ಮಳೆಗಾಲದಲ್ಲಿ ನೆಗಡಿ ಯಾರನ್ನು ಬಿಟ್ಟಿದೆ? ಮೊದಲೇ ಕೇಳಿ ಬರೆದುಕೊಳ್ಳಬೇಕು, ತಕರಾರು ಬಂದರೆ ಪ್ರಯೋಗಾಲಯಕ್ಕೆ ಕಳಿಸಬೇಕು.

ಪೊಲೀಸರ ಭಯಕ್ಕೇ ಎಷ್ಟೋ ಮನೆಯವರು ಮಗನನ್ನು ಆಸ್ಪತ್ರೆಗೆ ಕರೆತರುವುದಿಲ್ಲ. ಮಾದಕವಸ್ತು ಕಾಯ್ದೆಯ 64ಎ ಕಲಮು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಪೂರೈಸುವ ವ್ಯಸನಿಗೆ ಸೇವನೆಯ ಪ್ರಕರಣದಲ್ಲಿ ರಕ್ಷಣೆ ಕೊಡುತ್ತದೆ. ಇದನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆಸಬೇಕು. ಸಹಾಯವಾಣಿ 14446 ಕೂಡ ಅಲ್ಲೇ ಇರಲಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾತ್ರ ಶುರು ಮಾಡಿದರೆ ಹೊಸನಗರ, ಸೊರಬದವರು ವಾರಕ್ಕೆರಡು ಸಲ ಬರಲಾರರು. ಪರೀಕ್ಷೆಯ ಕಪ್, ಕೂಪನ್ ಮತ್ತು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನು ತಾಲ್ಲೂಕು ಆಸ್ಪತ್ರೆಗಳಿಗೇ ಕೊಡಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೋರುತ್ತೇವೆ.

– ವ್ಯಸನಮುಕ್ತಿ ಆಪ್ತಸಮಾಲೋಚಕರು, ತೀರ್ಥಹಳ್ಳಿ