ಮನೆಮನೆಗೆ ಹೋಗುವ ನರ್ಸ್‌ಗಳ ಸಂಬಳಕ್ಕೆ ನಿಮ್ಮ ದೇಣಿಗೆ ಬೇಕು

ಆತ್ಮೀಯರೇ,

ದೇಣಿಗೆ ಅಂದ ಕೂಡಲೇ ಬಹಳ ಜನ ಕೇಳುವುದು, "ಏನು ಕಟ್ಟಿಸುತ್ತೀರಿ?" ಅಂತ. ನಾವು ಏನೂ ಕಟ್ಟಿಸುತ್ತಿಲ್ಲ. ದಾನಿಗಳ ಹೆಸರು ಕೆತ್ತಿಸಲು ಗೋಡೆಯೂ ಇರುವುದಿಲ್ಲ. ಈ ಹಣ ಹೋಗುವುದು ಸಮುದಾಯ ನರ್ಸ್‌ಗಳ ಸಂಬಳಕ್ಕೆ, ಓಡಾಟದ ಖರ್ಚಿಗೆ, ಅವರ ಚೀಲದ ಸಾಮಾನಿಗೆ.

ಆ ಚೀಲದಲ್ಲಿ ಭಾರಿ ಯಂತ್ರವೇನೂ ಇರುವುದಿಲ್ಲ. ಬಿಪಿ ಉಪಕರಣ, ಥರ್ಮಾಮೀಟರ್, ಕೂಸಿನ ತೂಕ ನೋಡುವ ತಕ್ಕಡಿ, ಓಆರ್‌ಎಸ್ ಪೊಟ್ಟಣ, ಒಂದು ರಿಜಿಸ್ಟರ್. ಹೆರಿಗೆಯಾದ ಮನೆಗೆ ಮೊದಲ ವಾರದಲ್ಲೇ ಹೋಗುವ ನರ್ಸ್, ಬಾಣಂತಿಗೆ ಜ್ವರ ಇದೆಯೇ, ರಕ್ತ ಜಾಸ್ತಿ ಹೋಗುತ್ತಿದೆಯೇ ನೋಡುತ್ತಾರೆ. ಕೂಸಿನ ಹೊಕ್ಕುಳ ಕೆಂಪಾಗಿದೆಯೇ, ಮೈ ತಣ್ಣಗಿದೆಯೇ, ಹಾಲು ಸರಿಯಾಗಿ ಎಳೆಯುತ್ತಿದೆಯೇ ಅಂತ ಗಮನಿಸುತ್ತಾರೆ. ಅಪಾಯ ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸುತ್ತಾರೆ. ಮಾತಾಡುತ್ತಾ ಕೂತಾಗಲೇ ಕುಡಿಯುವ ನೀರು ಎಲ್ಲಿಯದು, ಶೌಚಾಲಯ ಇದೆಯಾ, ಮೂಲೆಯಲ್ಲಿ ಮಲಗಿರುವ ಅಜ್ಜನ ಕೆಮ್ಮು ಎಷ್ಟು ದಿನದ್ದು ಅನ್ನುವುದೂ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಕೂತವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಅಲ್ವಾ?

ಆ ಕೆಮ್ಮು ಕ್ಷಯವಾಗಿದ್ದರೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ ನುಂಗಬೇಕು. ಕೆಮ್ಮು ಕಡಿಮೆಯಾದ ಕೂಡಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಆಗ ರೋಗ ಮರುಕಳಿಸಬಹುದು, ಮಾತ್ರೆಗೆ ಬಗ್ಗದ ಕ್ಷಯವೂ ಆಗಬಹುದು. ದುಡಿಯುವವರೇ ಹಾಸಿಗೆ ಹಿಡಿದರೆ ಮನೆಗೆ ಸಾಲ ಬರುತ್ತದೆ, ಮಕ್ಕಳ ಶಾಲೆ ನಿಲ್ಲುತ್ತದೆ. ಹಿಂದುಳಿದ ದೇಶಗಳ ಸುಸ್ಥಿರ ಅಭಿವೃದ್ಧಿಯ ಲೆಕ್ಕ ತಪ್ಪುವುದು ಇಂಥ ಮನೆಗಳಲ್ಲೇ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ 3ನೆಯದು ಆರೋಗ್ಯ. 2030ರೊಳಗೆ ತಾಯಂದಿರ ಸಾವು ಪ್ರತಿ 1 ಲಕ್ಷ ಜೀವಂತ ಜನನಕ್ಕೆ 70ಕ್ಕಿಂತ ಕೆಳಗಿಳಿಯಬೇಕು. ಆದರೆ ಅದೇ 2030ಕ್ಕೆ ಜಗತ್ತಿನಲ್ಲಿ ಸುಮಾರು 1.1 ಕೋಟಿ ಆರೋಗ್ಯ ಕಾರ್ಯಕರ್ತರ ಕೊರತೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹುಪಾಲು ಕೊರತೆ ಬಡ ದೇಶಗಳಲ್ಲೇ. ತರಬೇತಿ ಪಡೆದ ನರ್ಸ್‌ಗಳು ಒಳ್ಳೆಯ ಸಂಬಳ ಸಿಗುವ ದೇಶಕ್ಕೆ ಹೊರಟುಬಿಡುತ್ತಾರೆ. ಅವರನ್ನು ದೂರುವುದು ನಮಗೆ ಸರಿ ಕಾಣುವುದಿಲ್ಲ. ಸೇವೆ ಸೇವೆ ಅಂತ ಸುಮ್ನೆ ಹೊಗಳಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಅದಕ್ಕೇ ಒಂದು ಕೋರಿಕೆ. ಒಮ್ಮೆಲೇ ದೊಡ್ಡ ಮೊತ್ತ ಕೊಡುವ ಬದಲು, ಕೈಲಾದಷ್ಟನ್ನು ಪ್ರತಿ ತಿಂಗಳೂ ಕೊಡಿ. ಸಂಬಳ ತಪ್ಪದಿದ್ದರೆ ಅದೇ ನರ್ಸ್ ಅದೇ ಮನೆಗೆ ಮತ್ತೆ ಹೋಗಬಹುದು. ಹಳೆಯ ಉಪಕರಣ, ಮನೆಯಲ್ಲಿ ಉಳಿದ ಮಾತ್ರೆ ದಯವಿಟ್ಟು ಕಳಿಸಬೇಡಿ. ಕೊಟ್ಟ ಹಣಕ್ಕೆ ರಸೀದಿ, ವರ್ಷದ ಲೆಕ್ಕಪತ್ರ ಎರಡೂ ನಿಮಗೆ ತಲುಪುತ್ತವೆ. ರೋಗಿಗಳ ಫೋಟೊ ಮಾತ್ರ ಕೇಳಬೇಡಿ, ಅವರ ಕಾಯಿಲೆ ಅವರ ಮನೆಯ ವಿಷಯ.

ಇಂತಿ,
ಟ್ರಸ್ಟ್‌ನ ಪರವಾಗಿ, ಕಾರ್ಯದರ್ಶಿ